ಸೈಕಲ್ಲಿನ ಅಚ್ಚಿಗೆ ಯಾವ ಗ್ರೀಸು?

ಬೆಳಗಿನ ನಾಲ್ಕೂವರೆಗೆ ಇಡ್ಲಿಯ ಹಬೆ ಏಳಿಸಬೇಕಾದ ಅಡಿಗೆಯವನಿಗೆ ಮೆಟ್ರೋ ರೈಲಿನಿಂದ ಆಗುವ ಉಪಕಾರ ಸ್ವಲ್ಪವೇ. ವೈಶಾಲಿಯ ನಿಲ್ದಾಣ ೨೦೧೧ರಲ್ಲಿ ತೆರೆಯಿತು. ಶಹೀದ್ ಸ್ಥಲದವರೆಗಿನ ಮಾರ್ಗ ೨೦೧೯ರಲ್ಲಿ ಬಂದಿತು. ಎರಡೂ ಘಾಜಿಯಾಬಾದಿನ ನಿವಾಸಿಗಳಿಗೆ ದೊಡ್ಡ ಅನುಕೂಲಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊದಲನೆಯ ಗಾಡಿ ಹೊರಡುವ ವೇಳೆಗೆ ನಮ್ಮ ಹೋಟೆಲುಗಳಲ್ಲಿ ಮೊದಲನೆಯ ಒಬ್ಬೆ ಇಡ್ಲಿ ಇಳಿದಾಗಿರುತ್ತದೆ. ರಾತ್ರಿ ಗಲ್ಲೆಯ ಲೆಕ್ಕ ಮುಗಿಸಿ ಬೀಗ ಹಾಕಿ ಹೊರಡುವ ಗುಮಾಸ್ತನ ಪಾಡೂ ಅದೇ. ಆದುದರಿಂದ ಖೋಡಾದಿಂದಲೋ ಸಾಹಿಬಾಬಾದಿನಿಂದಲೋ ಕೆಲಸಕ್ಕೆ ಹೋಗಿ ಬರತಕ್ಕ ನಮ್ಮ ಬಾಂಧವರಲ್ಲಿ ಅನೇಕರು ಇಂದಿಗೂ ಸೈಕಲ್ಲನ್ನೇ ನಂಬಿರುತ್ತಾರೆ. ಆ ಸೈಕಲ್ಲು ಒಂದು ದಿನ ಮುಷ್ಕರ ಹೂಡಿದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ ಬೀಳುವುದೂ ಉಂಟು.

ಈ ಊರಿಗೂ ಸೈಕಲ್ಲಿಗೂ ಇರುವ ಸಂಬಂಧ ಸಾಧಾರಣವಾದುದಲ್ಲ. ೧೯೫೧ರಲ್ಲಿ ಸೋನೀಪತ್ತಿನಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯು ೧೯೮೯ರಲ್ಲಿ ನಮ್ಮ ಸಾಹಿಬಾಬಾದಿನಲ್ಲಿ ಕಾರ್ಖಾನೆ ತೆರೆಯಿತು. ಮಾಲನಪುರದ ಘಟಕ ೨೦೧೪ರಲ್ಲಿ, ಸೋನೀಪತ್ತಿನದು ೨೦೧೮ರಲ್ಲಿ ನಿಂತವು. ಕೊನೆಗೆ ೨೦೨೦ನೆಯ ಜೂನ್ ೩ರಂದು, ವಿಶ್ವಸಂಸ್ಥೆಯು ವಿಶ್ವ ಸೈಕಲ್ ದಿನವೆಂದು ಸಾರಿದ ಅದೇ ದಿನ, ಕಚ್ಚಾ ಸಾಮಗ್ರಿ ಕೊಳ್ಳಲು ಹಣವಿಲ್ಲವೆಂಬ ಸೂಚನೆಯೊಡನೆ ಸಾಹಿಬಾಬಾದಿನ ಕೆಲಸವೂ ನಿಂತಿತು. ನೂರಾರು ಕಾರ್ಮಿಕರು ಬಾಗಿಲ ಹೊರಗೆ ನಿಂತರು. ಆದರೆ ಅವರು ಕೈಯಾರೆ ಜೋಡಿಸಿದ ಸೈಕಲ್ಲುಗಳು ಜಿ. ಟಿ. ರಸ್ತೆಯ ಮೇಲೆ ಇನ್ನೂ ಓಡುತ್ತಲೇ ಇವೆ. ಚೌಕಟ್ಟು ಉಕ್ಕಿನದು, ಅದಕ್ಕೆ ಮುಪ್ಪು ಬೇಗ ಬರುವುದಿಲ್ಲ. ಮುಪ್ಪು ಬರುವುದು ಒಳಗಿನ ಗುಂಡುಗಳಿಗೆ. ಅವುಗಳ ಆಯುಸ್ಸು ನಾವು ತುಂಬುವ ಗ್ರೀಸನ್ನು ಹೊಂದಿಕೊಂಡಿದೆ.

ಸಾಧಾರಣ ಕರಿಯ ಸೈಕಲ್ಲಿನ ಹಿಂದಿನ ಹಬ್ಬಿನಲ್ಲಿ ಒಂದೊಂದು ಮಗ್ಗುಲಿಗೆ ಕಾಲಂಗುಲದ ೯ ಗುಂಡುಗಳಿರುತ್ತವೆ. ಮುಂದಿನ ಹಬ್ಬಿನಲ್ಲಿ ಇನ್ನೂ ಸಣ್ಣವು, ಮಗ್ಗುಲಿಗೆ ಹತ್ತರಂತೆ. ಇಲ್ಲಿನ ಮಿಸ್ತ್ರಿಗಳು ಇವನ್ನು ‘ಛರ್ರೆ’ ಎನ್ನುತ್ತಾರೆ. ದಿನಕ್ಕೆ ಆರು ಮೈಲಿ ಅಲ್ಲ, ಆರು ಕಿಲೋಮೀಟರು ಹೋಗಿ ಆರು ಕಿಲೋಮೀಟರು ಬರುವವನ ಗಾಲಿಯು ಸುಮಾರು ೫,೪೦೦ ಸುತ್ತು ತಿರುಗುತ್ತದೆ. ಅಷ್ಟು ಸುತ್ತಿಗೂ ಅವನ ಮೈಭಾರ, ಹಿಂದಿನ ಕ್ಯಾರಿಯರಿನ ಮೇಲಿನ ತರಕಾರಿ ಚೀಲದ ಭಾರ, ಎಲ್ಲವನ್ನೂ ಹೊರುವುದು ಈ ಬೆರಳೆಣಿಕೆಯ ಉಕ್ಕಿನ ಗುಂಡುಗಳು. ಗುಂಡಿಗೂ ಬಟ್ಟಲಿಗೂ ನಡುವೆ ಗ್ರೀಸಿನ ತೆಳುವಾದ ಪೊರೆಯೊಂದು ಇರುವವರೆಗೆ ಲೋಹ ಲೋಹವನ್ನು ತಿನ್ನುವುದಿಲ್ಲ. ಪೊರೆ ಹರಿಯಿತೋ, ಕೋನಿನ ಮೇಲೆ ಗುಳಿಗಳು ಬೀಳುತ್ತವೆ. ಗುಳಿ ಬಿದ್ದ ಕೋನಿಗೆ ಆ ಮೇಲೆ ಎಷ್ಟು ಗ್ರೀಸು ಬಳಿದರೂ ವ್ಯರ್ಥ.

ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಪ್ರಲೋಭನೆ ಇದೆ. ಎಣ್ಣೆ ಕೈಯಳತೆಯಲ್ಲೇ ಇರುತ್ತದೆ! ನಮ್ಮ ಪರಿಚಯದ ದೋಸೆ ಭಟ್ಟರೊಬ್ಬರು ಕರಿದು ಉಳಿದ ಎಣ್ಣೆಯನ್ನು ಸೈಕಲ್ಲಿನ ಕೀಲುಗಳಿಗೆಲ್ಲ ಬಿಡುತ್ತಿದ್ದರು. “ಭಟ್ರೇ, ಅದು ಅಂಟಾಗ್ತದಲ್ಲ?” ಎಂದು ಮಾಣಿಯೊಬ್ಬ ಕೇಳಿದರೆ, “ಎಣ್ಣೆ ಎಣ್ಣೆಯೇ ಮಾರಾಯ, ಅದರಲ್ಲಿ ಜಾತಿ ಎಂಥದ್ದು?” ಎಂದು ಗದರಿದರಂತೆ. ಮಾಣಿಯೇ ಸರಿ. ಬಾಣಲೆಯ ಹೊರಮೈಯಲ್ಲಿ, ಒಲೆಯ ಹಿಂದಿನ ಗೋಡೆಯಲ್ಲಿ, ಉಜ್ಜಿದರೂ ಹೋಗದ ಕಂದು ಜಿಗುಟನ್ನು ನೋಡದ ಹೋಟೆಲಿಗನುಂಟೇ? ಅಡಿಗೆಯ ಎಣ್ಣೆಗಳು ಗಾಳಿ ತಗುಲಿದಂತೆ ಹೀಗೆ ಗಟ್ಟಿಗಟ್ಟುವ ಸ್ವಭಾವದವು. ಹಬ್ಬಿನೊಳಗೂ ಅದೇ ಆಗುತ್ತದೆ. ಕೊಬ್ಬರಿ ಎಣ್ಣೆಯ ದೋಷ ಬೇರೆ ಬಗೆಯದು: ೨೪ ಡಿಗ್ರಿಯ ಸುಮಾರಿಗೆ ಅದು ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ವರ್ಷವಿಡೀ ಹರಿಯುವ ಎಣ್ಣೆ ಇಲ್ಲಿನ ಜನವರಿಯಲ್ಲಿ ಶೀಶೆಯಿಂದ ಇಳಿಯಲು ಒಪ್ಪುವುದಿಲ್ಲವೆಂಬುದು ತಲೆಗೆ ಹಚ್ಚಿಕೊಳ್ಳುವ ಎಲ್ಲರಿಗೂ ಗೊತ್ತು.

ವನಸ್ಪತಿಯಾದರೋ ನೋಡಲು ಗ್ರೀಸಿನ ತಮ್ಮನಂತೆಯೇ ಇದೆ. ಈ ಊರಿಗೆ ಅದು ಹೊಸದೂ ಅಲ್ಲ. ಡಾಲ್ಡಾ ತಯಾರಿಸುತ್ತಿದ್ದ ಲಿವರ್ ಕಂಪನಿಯು ೧೯೫೧ರಲ್ಲೇ ಘಾಜಿಯಾಬಾದಿನ ವನಸ್ಪತಿ ಕಾರ್ಖಾನೆಯೊಂದನ್ನು ಕೊಂಡಿತ್ತು. ಆದರೆ ವನಸ್ಪತಿ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ, ಅನೇಕವೇಳೆ ಅದಕ್ಕೂ ಮೊದಲೇ, ಕರಗಿ ನೀರಾಗುತ್ತದೆ. ಜೂನ್ ತಿಂಗಳಲ್ಲಿ ‘ಲೂ’ ಬೀಸುವಾಗ ಹೋಟೆಲಿನ ಹಿಂಬದಿಯ ಬಿಸಿಲಿನಲ್ಲಿ ನಿಂತ ಸೈಕಲ್ಲಿನಿಂದ ಅದು ಸೋರಿಹೋಗಿ ಗುಂಡುಗಳು ಒಣಗಿ ನಿಲ್ಲುತ್ತವೆ.

ಹಾಗಾದರೆ ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದುದು ತಪ್ಪೇ ಎಂದು ವಾಚಕರು ಕೇಳಬಹುದು. ತಪ್ಪಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಕೀಲೆಣ್ಣೆ, ಗಾಡಿಯ ಮೂಕಿಗೆ ಕಟ್ಟಿದ ಬಿದಿರಿನ ಗೊಟ್ಟ, ಇವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಹರಳೆಣ್ಣೆ ಬೇರೆ ಎಣ್ಣೆಗಳಂತಲ್ಲ. ಬಹಳ ಮಂದವಾದುದು, ಲೋಹಕ್ಕೆ ಕಚ್ಚಿಕೊಳ್ಳುವಂಥದು. ಮೊದಲನೆಯ ಮಹಾಯುದ್ಧದ ವಿಮಾನಗಳ ಎಂಜಿನುಗಳಿಗೂ ಅದನ್ನೇ ಹಾಕುತ್ತಿದ್ದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂದು ಅಂಗಡಿಯಲ್ಲಿ ಸಿಗುವ ಲಿಥಿಯಂ ಗ್ರೀಸಿನ ಮೂಲವೂ ಬಹುಮಟ್ಟಿಗೆ ಅದೇ ಹರಳು. ಹರಳೆಣ್ಣೆಗೆ ಜಲಜನಕವನ್ನು ಹಾಯಿಸಿ, ಅಂದರೆ ವನಸ್ಪತಿ ಮಾಡುವ ರೀತಿಯಲ್ಲೇ ಗಟ್ಟಿಮಾಡಿ, ಅದರಿಂದ ತೆಗೆದ ಆಮ್ಲವನ್ನು ಲಿಥಿಯಂ ಕ್ಷಾರದೊಡನೆ ಕೂಡಿಸಿದರೆ ಒಂದು ಬಗೆಯ ಸಾಬೂನು ಆಗುತ್ತದೆ. ಆ ಸಾಬೂನಿನ ಎಳೆಗಳ ಬಲೆಯಲ್ಲಿ ಖನಿಜ ತೈಲವನ್ನು ಹಿಡಿದಿಟ್ಟದ್ದೇ ಗ್ರೀಸು. ಹರಳೆಣ್ಣೆಯ ವ್ಯಾಪಾರದಲ್ಲಿ ಜಗತ್ತಿಗೇ ಮುಂದಾಳು ಭಾರತವೇ. ಬೆಳೆಯುವುದು ಹೆಚ್ಚಾಗಿ ಗುಜರಾತಿನಲ್ಲಿ. ಅಜ್ಜನ ಗೊಟ್ಟದಲ್ಲಿದ್ದುದೇ ವೇಷ ಬದಲಿಸಿ ಮೊಮ್ಮಗನ ಡಬ್ಬಿಗೆ ಬಂದಿದೆಯೆನ್ನಬಹುದು.

ಯಾವ ಕ್ಷಾರದ ಸಾಬೂನು ಎಂಬುದರ ಮೇಲೆ ಗ್ರೀಸಿನ ಗುಣ ನಿಂತಿದೆ. ಮೈಗೆ ಹಚ್ಚುವ ಸಾಬೂನು ಸೋಡಿಯಂ ಜಾತಿಯದು. ಅದು ನೀರಿನಲ್ಲಿ ಕರಗಬೇಕಾದುದೇ ಅದರ ಧರ್ಮ. ಸೋಡಿಯಂ ಗ್ರೀಸೂ ಹಾಗೆಯೇ: ಬಿಸಿಯನ್ನು ತಾಳುತ್ತದೆ, ಮಳೆಯನ್ನು ತಾಳದು. ಸೈಕಲ್ಲಿಗೆ ಅದು ಬೇಡವೇ ಬೇಡ. ಇನ್ನು ಇಲ್ಲಿನ ಕೊಳವೆಬಾವಿಯ ಗಡಸು ನೀರಿನಲ್ಲಿ ಬಟ್ಟೆ ಒಗೆದಾಗ ಬಕೀಟಿನ ಅಂಚಿಗೆ ಬಿಳಿಯ ಕೊಳೆಯೊಂದು ಕಟ್ಟಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಬಹುಪಾಲು ಸುಣ್ಣದ ಸಾಬೂನು. ಎಷ್ಟು ನೀರು ಹೊಯ್ದರೂ ಕರಗುವುದಿಲ್ಲ. ಸುಣ್ಣದ, ಅಂದರೆ ಕ್ಯಾಲ್ಸಿಯಂ ಗ್ರೀಸೂ ನೀರಿಗೆ ಜಗ್ಗುವುದಿಲ್ಲ. ಹಳೆಯ ಸಾದಾ ಬಗೆಯದು ಅರವತ್ತು ಡಿಗ್ರಿ ದಾಟಿದರೆ ಸೋಲುತ್ತದೆ, ನಿಜ. ಆದರೆ ಸೈಕಲ್ಲಿನ ಗಾಲಿ ನಿಮಿಷಕ್ಕೆ ನೂರಹತ್ತು ಸುತ್ತು ತಿರುಗಿದರೆ ಹೆಚ್ಚು. ಮೋಟಾರಿನಂತೆ ಅದು ಕಾಯುವುದಿಲ್ಲ. ಆದುದರಿಂದ ಬೆಲೆ ಕಡಮೆಯ ಸುಣ್ಣದ ಗ್ರೀಸು ಹಾಕಿದವನನ್ನು ನಾವು ಹಳಿಯುವುದಿಲ್ಲ.

ಆದರೂ ಕೈಯಲ್ಲಿ ಇನ್ನೂ ಕೆಲವು ರೂಪಾಯಿಗಳಿದ್ದರೆ ಲಿಥಿಯಂ ಗ್ರೀಸನ್ನೇ ಕೊಳ್ಳಬೇಕೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಅಮೆರಿಕದ ಕ್ಲಾರೆನ್ಸ್ ಅರ್ಲ್ ಎಂಬವರು ೧೯೪೨ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ನೀರು, ಬಿಸಿ ಎರಡನ್ನೂ ತಾಳುವ ಇದು ಜಾಗ ಬಿಟ್ಟು ಕದಲದೆ ಹೆಚ್ಚು ಕಾಲ ನಿಲ್ಲುತ್ತದೆ. ಮೋಟಾರುಗಳ ಬ್ಯಾಟರಿಗೆ ಲಿಥಿಯಂ ಬೇಕಾಗಿ ೨೦೨೧-೨೨ರಲ್ಲಿ ಅದರ ಬೆಲೆ ಬಹಳ ಏರಿದ್ದುಂಟು. ಆದರೆ ಒಂದು ಸೈಕಲ್ಲಿಗೆ ಒಂದು ಸಲಕ್ಕೆ ಬೇಕಾಗುವುದು ದೊಡ್ಡ ನೆಲ್ಲಿಕಾಯಿಯಷ್ಟು ಗ್ರೀಸು. ಒಂದೇ ಕೋಣೆಯಲ್ಲಿರುವ ನಾಲ್ಕೈದು ಮಂದಿ ಕೂಡಿ ಅರ್ಧ ಕಿಲೋ ಡಬ್ಬಿ ತಂದರೆ ಎಲ್ಲರಿಗೂ ವರ್ಷ ಕಳೆಯುತ್ತದೆ.

ಡಬ್ಬಿಯ ಮೇಲಿನ ಅಂಕಿಯನ್ನು ನೋಡದೆ ತರಬಾರದು. ೧೯೩೩ರಲ್ಲಿ ಸ್ಥಾಪಿತವಾದ ಅಮೆರಿಕದ ಗ್ರೀಸು ಸಂಸ್ಥೆಯೊಂದು ಗ್ರೀಸಿನ ಹದವನ್ನು ಮೂರು ಸೊನ್ನೆಯಿಂದ ಆರರವರೆಗೆ ವಿಂಗಡಿಸಿದೆ. ೨೫ ಡಿಗ್ರಿಯಲ್ಲಿ ಒಂದು ಲೋಹದ ಶಂಕುವನ್ನು ಐದು ಸೆಕೆಂಡು ಗ್ರೀಸಿನ ಮೇಲೆ ಬಿಟ್ಟು, ಎಷ್ಟು ಆಳಕ್ಕೆ ಇಳಿಯಿತೆಂದು ಅಳೆಯುತ್ತಾರೆ. ಹಿಟ್ಟಿಗೆ ಬೆರಳದ್ದಿ ಹದ ನೋಡುವ ನಮ್ಮ ಭಟ್ಟರ ವಿದ್ಯೆಯೇ ಅದು. ಎರಡನೆಯ ನಂಬರಿನದು ಬೆಣ್ಣೆಯ ಹದ. ಮೂರನೆಯದು ಅದಕ್ಕಿಂತ ಗಟ್ಟಿ. ಮಿಸ್ತ್ರಿಗಳ ಬಳಿ ಸಾಮಾನ್ಯವಾಗಿ ಇರುವ ‘ಎ.ಪಿ.-೩’ ಮೂರನೆಯ ನಂಬರಿನದು. ಹಬ್ಬಿಗೂ ಪೆಡಲಿನ ನಡುವಿನ ಅಚ್ಚಿಗೂ ಬಾಧಕವಿಲ್ಲ. ಡಿಸೆಂಬರಿನ ಮಂಜಿಗೂ ಜೂನಿನ ಬಿಸಿಲಿಗೂ ಒಂದೇ ಡಬ್ಬಿ ಸಾಕೆನ್ನುವವರು ಎರಡನೆಯ ನಂಬರನ್ನು ಕೇಳಿ ಪಡೆಯಲಿ. ಬಣ್ಣವನ್ನು ನೋಡಿ ಮರುಳಾಗಬೇಡಿ. ಹಳದಿ, ನೀಲಿ, ಕೆಂಪುಗಳು ಬಹುಮಟ್ಟಿಗೆ ಬೆರೆಸಿದ ಬಣ್ಣಗಳೇ. ಪಾಲಿಥೀನಿನಲ್ಲಿ ಕಟ್ಟಿ ತೂಕದ ಮೇಲೆ ಮಾರುವ ಬಿಡಿ ಗ್ರೀಸಿಗೆ ಹೆಸರೂ ಇಲ್ಲ, ಊರೂ ಇಲ್ಲ. ಅದು ಸೋಡಿಯಮ್ಮೋ ಸುಣ್ಣವೋ ಮಾರುವವನಿಗೂ ತಿಳಿಯದು.

ಸರಿಯಾದ ಗ್ರೀಸು ತಂದವನೂ ತಪ್ಪಾದ ಜಾಗಕ್ಕೆ ಹಾಕಿದರೆ ಫಲವಿಲ್ಲ. ಚೈನಿಗೆ ಗ್ರೀಸು ಬಳಿಯುವುದು ಈ ಊರಿನ ಧೂಳಿನಲ್ಲಿ ದೊಡ್ಡ ಅವಿವೇಕ. ಧೂಳು ಅದಕ್ಕೆ ಮೆತ್ತಿ, ಚೈನು ಪ್ರತಿ ಸುತ್ತಿಗೂ ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಚೈನಿಗೆ ತೆಳುವಾದ ಮೆಷಿನ್ ಎಣ್ಣೆ, ಕೊಂಡಿಗೊಂದು ತೊಟ್ಟು; ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿಬಿಡಬೇಕು. ಫ್ರೀವೀಲಿಗೂ ಎಣ್ಣೆಯೇ. ಅದರೊಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ನಾಲಗೆಗಳಿವೆ. ಗಟ್ಟಿ ಗ್ರೀಸು ತುಂಬಿದರೆ ಚಳಿಗಾಲದ ಬೆಳಗಿನಲ್ಲಿ ಅವು ಅಂಟಿಕೊಂಡು ಪೆಡಲು ಬರಿದೇ ತಿರುಗೀತು. ಲಾರಿಗಳು ನುಗ್ಗುವ ಜಿ. ಟಿ. ರಸ್ತೆಯನ್ನು ದಾಟುವಾಗ ಪೆಡಲು ಕೈಕೊಟ್ಟರೆ ಗತಿಯೇನೆಂದು ಹೇಳಬೇಕಾಗಿಲ್ಲ. ಬ್ರೇಕಿನ ರಬ್ಬರಿಗೆ, ಗಾಲಿಯ ರಿಮ್ಮಿಗೆ ಗ್ರೀಸು ಸೋಕಿದರೂ ಅದೇ ಅಪಾಯ. ಸೀಟಿನ ಕೊಳವೆಗೆ ಮಾತ್ರ ತೆಳುವಾಗಿ ಬಳಿದಿಡಿ, ತುಕ್ಕು ಹಿಡಿದು ಕಚ್ಚಿಕೊಳ್ಳದಿರಲಿ.

ವರ್ಷಕ್ಕೆ ಎರಡು ಸಲ ಹಬ್ಬನ್ನು ಬಿಚ್ಚಿಸಿದರೆ ಸಾಕು: ಜೂನ್ ಕೊನೆಗೆ ಮಳೆ ಬರುವ ಮುಂಚೆ ಒಮ್ಮೆ, ಮಳೆ ತೊಲಗಿದ ಮೇಲೆ ಒಮ್ಮೆ. ಎರಡನೆಯದಕ್ಕೆ ಆಯುಧಪೂಜೆಗಿಂತ ಒಳ್ಳೆಯ ಮುಹೂರ್ತವಿಲ್ಲ. ನಮ್ಮವರು ಆ ದಿನ ಪೈಪಿನಿಂದ ಜೋರಾಗಿ ನೀರು ಬಿಟ್ಟು ಸೈಕಲ್ಲು ತೊಳೆದು, ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ಯುತ್ತಾರೆ. ನೀರು ಹಬ್ಬಿನೊಳಗೆ ಹೊಕ್ಕಿರುತ್ತದೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಪೂಜೆಯ ಹಿಂದಿನ ದಿನ ಗುಂಡುಗಳನ್ನು ಹೊರತೆಗೆದು ನೋಡುವುದು ಮೇಲು. ಹಳೆಯ ಗ್ರೀಸನ್ನು ಸ್ವಲ್ಪ ಡೀಸೆಲಿನಿಂದ ಪೂರ್ತಿ ತೊಳೆಯಬೇಕು. ಇದನ್ನು ಒಲೆಯ ಸಮೀಪ ಮಾಡತಕ್ಕದ್ದಲ್ಲ. ಹಳೆಯದರ ಮೇಲೆ ಹೊಸದನ್ನು ತುಂಬಬಾರದು, ಏಕೆಂದರೆ ಕೆಲವು ಜಾತಿಯ ಗ್ರೀಸುಗಳು ಒಂದಕ್ಕೊಂದು ಬೆರೆತರೆ ಎರಡೂ ನೀರಾಗುತ್ತವೆ. ಮಸುಕಾದ ಗುಂಡು ಒಂದು ಕಂಡರೂ ಆ ಮಗ್ಗುಲಿನ ಎಲ್ಲವನ್ನೂ ಬದಲಿಸಿಬಿಡಿ. ಮಿಸ್ತ್ರಿಯ ಬಳಿಗೆ ಹೋಗುವವರು ತಮ್ಮ ಡಬ್ಬಿಯನ್ನು ತಾವೇ ಒಯ್ದರೆ ಅವನಿಗೂ ಬೇಸರವಿರದು.

ಕೆಲಸವಾದ ಮೇಲೆ ಕೈಗೆ ಸ್ವಲ್ಪ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಾಕಿ ಉಜ್ಜಿ, ಸಾಬೂನಿನಿಂದ ತೊಳೆದರೆ ಜಿಡ್ಡು ಬಿಡುತ್ತದೆ. ಉಗುರಿನ ಸಂದಿಯನ್ನೂ ನೋಡಿಕೊಳ್ಳಿ. ಆ ಕೈ ಮರುದಿನ ಹಿಟ್ಟು ಮುಟ್ಟತಕ್ಕ ಕೈ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ಮೇಲೆ ದೊಡ್ಡಕ್ಷರದಲ್ಲಿ ‘ಗ್ರೀಸು’ ಎಂದು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದು, ಮಲಗುವ ಕೋಣೆಯಲ್ಲಿಡಿ. ಅಡಿಗೆಮನೆಯ ಹಲಗೆಯ ಮೇಲೆ ಮಾತ್ರ ಬೇಡ. ನಸುಗತ್ತಲಲ್ಲಿ ಹಳದಿಯ ಗ್ರೀಸಿಗೂ ತುಪ್ಪಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.