ಕಂಪ್ಯೂಟರಿನ ಕಸ ತೆಗೆದೆವು

ಬಂಕಾಪುರದ ನಮ್ಮ ಮನೆಯ ಕಂಪ್ಯೂಟರು 2016ರದು. ಬೆಳೆವಿಮೆಗೆ ಪಹಣಿ ತೆಗೆಯೋಣವೆಂದು ಕೂತರೆ ಚಾಲೂ ಆಗಲಿಕ್ಕೇ ಹತ್ತು ನಿಮಿಷ. ಹೊಸದಕ್ಕೆ ರೊಕ್ಕ ಇರಲಿಲ್ಲ.

ಮಗಳು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿಸಿ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಳು. 'ಸ್ಟಾರ್ಟಪ್' ಪಟ್ಟಿಯಲ್ಲಿ ನಾವು ಕರೆಯದೇ ಏಳುವ ಹದಿನಾಲ್ಕು ಪ್ರೋಗ್ರಾಂ! ಹೊಲದ ಹಸಿಯನ್ನು ಕಸ ಹೀರುವಂಗ ಇವು ಮೆಮರಿ ತಿನ್ನುತ್ತಿದ್ದವು. ಬ್ಯಾಡಾದವನ್ನು 'ಡಿಸೇಬಲ್' ಮಾಡಿದೆವು. ವೈರಸ್ ಕಾಯುವುದನ್ನು ಮಾತ್ರ ಮುಟ್ಟಲಿಲ್ಲ. ವೇಳೆ ಅರ್ಧಕ್ಕಿಳಿಯಿತು.

ಹಳೇ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗಿ, ಸೂಜಿ ಹುಡುಕಿ ಓದಬೇಕು, ಅದಕ್ಕೇ ತಡ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ. ಲೆಕ್ಕಪತ್ರ, ಫೋಟೋಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ರಿಪೇರಿಯವರ ಕಡೆ ಅದನ್ನು ಹಾಕಿಸಿದೆ. ಈಗ ಒಂದು ನಿಮಿಷದೊಳಗೆ ತಯಾರು. ಹೊಸದು ಕೊಳ್ಳುವ ಮುಂಚೆ ನೀವೂ ಒಮ್ಮೆ ಕಸ ತೆಗೆದು ನೋಡಿರಿ.