ಮೂಡುಬಿದಿರೆಯ ಧವಳಾ ಗ್ರಂಥ ಮತ್ತು ಇಬ್ಬರು ಸ್ನೇಹಿತರ ಪತ್ರಗಳು

ಮೂಡುಬಿದಿರೆಗೆ ಹೋಗಿ ಸಿದ್ಧಾಂತ ದರ್ಶನ ಮಾಡಿಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿನ ಧವಳಾ, ಜಯಧವಳಾ ಗ್ರಂಥಗಳು ಇಂದು ಪುಸ್ತಕವಾಗಿ ಸಿಗುತ್ತಿರುವುದಕ್ಕೆ ಇಬ್ಬರು ಸ್ನೇಹಿತರ ಪತ್ರ ವ್ಯವಹಾರ ಕಾರಣವೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

1883ರಲ್ಲಿ ಮುಂಬಯಿಯ ರತ್ನವ್ಯಾಪಾರಿ ಸೇಠ್ ಮಾಣಿಕಚಂದ್ ಅವರು ಸಂಘ ಸಮೇತ ಮೂಡುಬಿದಿರೆ ಯಾತ್ರೆಗೆ ಬಂದರು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಆಗಿನ ಪ್ರಯಾಸ ನೀವೇ ಊಹಿಸಿ. ರತ್ನದ ಜಿನಬಿಂಬಗಳ ದರ್ಶನವಾಯಿತು. ಆದರೆ ಆ ರತ್ನವ್ಯಾಪಾರಿಯ ಮನಸ್ಸು ನಿಂತದ್ದು ತಾಡೋಲೆಗಳ ಮೇಲೆ. ಗರಿಗಳು ಜೀರ್ಣವಾಗುತ್ತಿದ್ದವು. ಇವನ್ನು ಯಾರಾದರೂ ಓದುತ್ತಾರೆಯೇ ಎಂದು ವಿಚಾರಿಸಿದರು. ಇಲ್ಲಿ ದರ್ಶನ ಮಾತ್ರ, ಓದಬಲ್ಲವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಎಂಬ ಉತ್ತರ ಬಂತು. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ನಮ್ಮ ಹಳಗನ್ನಡ.

ಊರಿಗೆ ಮರಳಿದ ಮಾಣಿಕಚಂದರು ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರಿಗೆ ಪತ್ರ ಬರೆದರು. ಇವರೂ ವ್ಯಾಪಾರಿ ಮನೆತನದವರೇ. 'ಜೈನ ಬೋಧಕ' ಎಂಬ ಮರಾಠಿ ಪತ್ರಿಕೆ ಆರಂಭಿಸಿದವರು. ನೀವೂ ಹೋಗಿ ನೋಡಿ, ಉದ್ಧಾರಕ್ಕೆ ಏನಾದರೂ ದಾರಿ ಮಾಡಿ ಎಂಬುದು ಪತ್ರದ ತಾತ್ಪರ್ಯ. ಹೀರಾಚಂದರು ಮರುವರ್ಷವೇ ಹೊರಟರು. ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆಸಿ ಮಂಗಳಾಚರಣೆಯನ್ನು ಓದಿಸಿ ಕೇಳಿದರು.

ಅಷ್ಟಕ್ಕೇ ಕೆಲಸ ಆಗಲಿಲ್ಲ. ಹಣ ಕೂಡಬೇಕು, ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಒಪ್ಪಬೇಕು. ಹತ್ತು ವರ್ಷಕ್ಕೂ ಮೇಲೆ ಮುಂಬಯಿ-ಸೊಲ್ಲಾಪುರದ ನಡುವೆ ಪತ್ರಗಳು ಓಡಾಡುತ್ತಲೇ ಇದ್ದವು. ಅಂಗಡಿಯಲ್ಲಿ ಕೂತು ಬಾಕಿ ವಸೂಲಿಗೆ ಕಾಗದ ಬರೆದ ಅನುಭವ ನನಗಿದೆ. ಎರಡು ಸಲ ಬರೆದು ಉತ್ತರ ಬಾರದಿದ್ದರೆ ಕೈಬಿಡುತ್ತೇವೆ. ಇವರು ಬಿಡಲಿಲ್ಲ.

1896ರ ಸುಮಾರಿಗೆ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಪ್ರತಿ ತೆಗೆಯಲು ಕುಳಿತರು. ಶಾಸ್ತ್ರಿಗಳು ಕೆಲಸದ ನಡುವೆಯೇ ತೀರಿಕೊಂಡರು. ಎಲ್ಲ ಪ್ರತಿಗಳೂ ಮುಗಿಯುವಾಗ 1922 ಆಗಿತ್ತು.

ಪ್ರತಿಯೂ ಕ್ಷೇತ್ರದಿಂದ ಹೊರಗೆ ಹೋಗಕೂಡದೆಂಬ ಕಟ್ಟು ಇತ್ತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಸಹಾರನ್‌ಪುರ ಸೇರಿತು. ಅದು ಸರಿಯೆನ್ನಲು ನನಗೆ ಬಾಯಿ ಬರುವುದಿಲ್ಲ, ಆದರೆ ಗ್ರಂಥ ಹೊರಜಗತ್ತಿಗೆ ತಲುಪಿದ್ದು ಆ ದಾರಿಯಲ್ಲೇ. ಪಂಡಿತ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಮರಾವತಿಯಿಂದ ಅಚ್ಚಾಗಿ ಬಂದದ್ದು 1939ರಲ್ಲಿ. ಮೊದಲ ಪತ್ರ ಬರೆದ ಮಾಣಿಕಚಂದರು 1914ರಲ್ಲೇ ತೀರಿಕೊಂಡಿದ್ದರು.