‘ಪ್ರತಿಕಾಯ’ ಎಂಬ ಪದಕ್ಕೆ ತಕರಾರು: ರೊಸಾಲಿನ್ ಯಾಲೋ ಪ್ರಬಂಧಗಳ ಹಿನ್ನೆಲೆ

ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸಂಚರಿಸುವ ಹಾರ್ಮೋನುಗಳನ್ನು ಇಂದು ಊರಿನ ಸಣ್ಣ ಪ್ರಯೋಗಾಲಯದಲ್ಲಿಯೂ ಅಳೆಯಿಸಿಕೊಳ್ಳಬಹುದು. ಇದಕ್ಕೆ ದಾರಿ ತೋರಿದ ಮೊದಲ ಪ್ರಬಂಧವನ್ನು ಮಾತ್ರ ವಿಜ್ಞಾನ ಪತ್ರಿಕೆಗಳು ಸುಲಭವಾಗಿ ಸ್ವೀಕರಿಸಲಿಲ್ಲ. ಅದನ್ನು ರಚಿಸಿದವರು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಯಾಲೋ ಓದಿದ್ದು ಭೌತಶಾಸ್ತ್ರ, ಬರ್ಸನ್ ವೈದ್ಯ. 1950ರಲ್ಲಿ ಇಬ್ಬರೂ ಜೊತೆಗೂಡಿದರು.

ವಯಸ್ಕರಲ್ಲಿ ಕಾಣಿಸಿಕೊಳ್ಳುವ ಮಧುಮೇಹಕ್ಕೆ ದೇಹವು ಇನ್ಸುಲಿನ್ನನ್ನು ಅತಿ ಬೇಗ ಕರಗಿಸಿಬಿಡುವುದೇ ಕಾರಣವಿರಬಹುದೆಂಬ ಊಹೆ ಆಗ ಚಾಲ್ತಿಯಲ್ಲಿತ್ತು. ಇದನ್ನು ಪರೀಕ್ಷಿಸಲು ಅವರು ವಿಕಿರಣಶೀಲ ಅಯೋಡಿನ್ ಸೇರಿಸಿದ ಇನ್ಸುಲಿನ್ನನ್ನು ಚುಚ್ಚಿ, ಅದು ರಕ್ತದಿಂದ ಮಾಯವಾಗುವ ವೇಗವನ್ನು ಗಮನಿಸಿದರು. ಫಲಿತಾಂಶ ತಿರುವುಮುರುವಾಗಿತ್ತು. ಮೊದಲೇ ಇನ್ಸುಲಿನ್ ಚಿಕಿತ್ಸೆ ಪಡೆದವರಲ್ಲಿ ಅದು ನಿಧಾನವಾಗಿ ಕರಗುತ್ತಿತ್ತು. ಸ್ಕಿಜೋಫ್ರೇನಿಯಾಕ್ಕಾಗಿ ಇನ್ಸುಲಿನ್ ಆಘಾತ ಚಿಕಿತ್ಸೆ ಪಡೆದವರಲ್ಲಿಯೂ ಇದೇ ಸ್ಥಿತಿ. ಅಂದರೆ ಕಾರಣ ಮಧುಮೇಹವಲ್ಲ, ಹೊರಗಿನಿಂದ ಬಂದ ಇನ್ಸುಲಿನ್. ಅಂದು ದನ ಮತ್ತು ಹಂದಿಗಳಿಂದ ಪಡೆಯುತ್ತಿದ್ದ ಈ ಔಷಧದ ವಿರುದ್ಧ ದೇಹವು ಪ್ರತಿಕಾಯಗಳನ್ನು ತಯಾರಿಸಿ, ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

ರೋಗನಿರೋಧ ಶಾಸ್ತ್ರಜ್ಞರಿಗೆ ಇದು ಒಪ್ಪಿಗೆಯಾಗಲಿಲ್ಲ. ಇನ್ಸುಲಿನ್‌ನಷ್ಟು ಚಿಕ್ಕ ಅಣು ಪ್ರತಿಕಾಯವನ್ನು ಹುಟ್ಟಿಸದೆಂಬುದು ಅವರ ದೃಢ ನಂಬಿಕೆ. ‘ಸೈನ್ಸ್’ ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿತು. ‘ಜರ್ನಲ್ ಆಫ್ ಕ್ಲಿನಿಕಲ್ ಇನ್ವೆಸ್ಟಿಗೇಶನ್’ ಸಹ ಮೊದಲು ನಿರಾಕರಿಸಿತು. ಕೊನೆಗೆ ರಾಜಿಯಾಯಿತು. ಶೀರ್ಷಿಕೆಯಿಂದ ‘ಇನ್ಸುಲಿನ್ ಪ್ರತಿಕಾಯ’ ಎಂಬುದನ್ನು ಕೈಬಿಟ್ಟು ‘ಇನ್ಸುಲಿನ್ ಬಂಧಿಸುವ ಗ್ಲೋಬ್ಯುಲಿನ್’ ಎಂದು ಬರೆದ ಮೇಲೆ 1956ರಲ್ಲಿ ಅದು ಪ್ರಕಟವಾಯಿತು. ಪದ ಹೋಯಿತೇ ಹೊರತು ವಾದ ಹೋಗಲಿಲ್ಲ: ಈ ಗ್ಲೋಬ್ಯುಲಿನ್ ಪ್ರತಿಕಾಯವೇ ಎಂಬುದನ್ನು ಪಠ್ಯಪುಸ್ತಕದ ವ್ಯಾಖ್ಯೆಯನ್ನೇ ಮುಂದಿಟ್ಟು ಒಳಗೆ ಸಾಧಿಸಿದ್ದರು. ಯಾಲೋ ಆ ತಿರಸ್ಕಾರ ಪತ್ರವನ್ನು ಜೋಪಾನವಾಗಿಟ್ಟುಕೊಂಡು, ನೊಬೆಲ್ ಉಪನ್ಯಾಸದಲ್ಲಿ ಪ್ರದರ್ಶಿಸಿದರು!

ಅಳತೆಯ ವಿಧಾನ ಹುಟ್ಟಿದ್ದು ಈ ಶೋಧದಿಂದಲೇ. ಬಸ್ಸಿನಲ್ಲಿ ಸೀಟುಗಳು ಮಿತವಾಗಿದ್ದು ಎರಡು ಗುಂಪುಗಳು ಏಕಕಾಲಕ್ಕೆ ಹತ್ತಿದರೆ, ಒಂದು ಗುಂಪಿನ ಜನ ಹೆಚ್ಚಿದಷ್ಟೂ ಇನ್ನೊಂದಕ್ಕೆ ಸೀಟು ಕಡಿಮೆ. ಇಲ್ಲಿ ಪ್ರತಿಕಾಯವೇ ಸೀಟು. ರೋಗಿಯ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದಷ್ಟೂ ವಿಕಿರಣಶೀಲ ಇನ್ಸುಲಿನ್‌ಗೆ ಸಿಗುವ ಜಾಗ ಕಡಿಮೆಯಾಗುತ್ತದೆ. ಅಂಟಿಕೊಂಡ ವಿಕಿರಣವನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, 1960ರಲ್ಲಿ ಸವಿಸ್ತಾರವಾಗಿ ಹಿಂದೆ ನಿರಾಕರಿಸಿದ್ದ ಅದೇ ಜರ್ನಲ್‌ನಲ್ಲಿ ರೇಡಿಯೋ ಇಮ್ಯುನೊಅಸ್ಸೇ ಪ್ರಕಟವಾಯಿತು. ವಯಸ್ಕ ಮಧುಮೇಹಿಗಳಲ್ಲಿ ಅನೇಕರಿಗೆ ಇನ್ಸುಲಿನ್ ಕೊರತೆಯೇ ಇಲ್ಲವೆಂಬುದು ತಿಳಿದುಬಂದದ್ದು ಆಗಲೇ. ಮುಂದೆ ಬೆಳವಣಿಗೆಯ ಹಾರ್ಮೋನು, ಪ್ಯಾರಾಥೈರಾಯ್ಡ್ ಹಾರ್ಮೋನು, ಗ್ಯಾಸ್ಟ್ರಿನ್ ಕುರಿತ ಪ್ರಬಂಧಗಳು ಬಂದವು. ಇಬ್ಬರೂ ಪೇಟೆಂಟ್ ಪಡೆಯಲಿಲ್ಲ.

1972ರಲ್ಲಿ ಬರ್ಸನ್ ತೀರಿಕೊಂಡರು. ಮರಣಾನಂತರ ನೊಬೆಲ್ ನೀಡುವ ಪದ್ಧತಿಯಿಲ್ಲದ ಕಾರಣ 1977ರ ವೈದ್ಯಕೀಯ ಪ್ರಶಸ್ತಿಯ ಅರ್ಧ ಭಾಗ ಯಾಲೋ ಒಬ್ಬರ ಹೆಸರಿಗೆ ಬಂತು. ಉಳಿದರ್ಧವನ್ನು ರೋಜರ್ ಗಿಯೆಮಾ ಮತ್ತು ಆಂಡ್ರ್ಯೂ ಶಾಲಿ ಹಂಚಿಕೊಂಡರು. ಆದರೆ ಯಾಲೋ ತಮ್ಮ ಪ್ರಯೋಗಾಲಯಕ್ಕೆ ಅಷ್ಟರಲ್ಲೇ ಬರ್ಸನ್ ಹೆಸರನ್ನಿಡಿಸಿದ್ದರು. ಹೀಗಾಗಿ ಅಲ್ಲಿಂದ ಹೊರಟ ಪ್ರತಿ ಪ್ರಬಂಧದಲ್ಲಿಯೂ, ಲೇಖಕರ ಪಟ್ಟಿಯಲ್ಲಿ ಇಲ್ಲದಿದ್ದರೂ ವಿಳಾಸದ ಸಾಲಿನಲ್ಲಿ, ಸಾಲೊಮನ್ ಬರ್ಸನ್ ಎಂಬ ಹೆಸರು ಮುದ್ರಣವಾಗುತ್ತಲೇ ಇತ್ತು.